ನೋಟಿಸ್ ಬೋರ್ಡಿನ ಅಕ್ಕ

ಆ ಸೋಮವಾರ ಅವಳು ಎಂದಿನಂತೆ ಒಂಬತ್ತೂಕಾಲಕ್ಕೆ ಡಿಪಾರ್ಟ್‌ಮೆಂಟಿಗೆ ಬಂದಳು. ನಾನು ಕಾರಿಡಾರಿನ ಕಿಟಕಿಗಳನ್ನು ತೆಗೆಯುತ್ತಿದ್ದೆ. ಅವಳ ಬೆನ್ನಿಗೆ ಬ್ಯಾಗು, ಕೈಯಲ್ಲಿ ನಾಲ್ಕು ಹಾಳೆ.

"ಸುಶೀಲಕ್ಕ, ಗುಂಡುಪಿನ್ನು ಇದ್ಯಾ?"

"ಹೋದ ವಾರ ಒಂದು ಡಬ್ಬಿ ಕೊಟ್ಟಿದ್ದೆನಲ್ಲ. ತಿಂತೀಯಾ ಹೇಗೆ?"

"ಹುಡುಗ್ರು ಫೋನಿಂದ ಸಿಮ್ ತೆಗಿಯಕ್ಕೆ ಕಿತ್ಕೊಂಡು ಹೋಗ್ತಾರೆ. ನೋಟಿಸ್ ಕೆಳಗೆ ಬಿದ್ದಿರ್ತದೆ, ಪಿನ್ನು ಮಾತ್ರ ಇರಲ್ಲ."

ನಾನು ನನ್ನ ಡ್ರಾಯರಿನಿಂದ ಆರೇಳು ಪಿನ್ನು ಕೊಟ್ಟೆ. ಅವಳು ನಾಲ್ಕು ಹಾಳೆಗಳನ್ನೂ ಬೋರ್ಡಿಗೆ ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ಓದಿ, ಒಂದನ್ನು ತೆಗೆದು ಸ್ವಲ್ಪ ಕೆಳಗೆ ಚುಚ್ಚಿದಳು. ಕುಳ್ಳಗಿನ ಹುಡುಗಿಯರಿಗೂ ಕಾಣಬೇಕಲ್ಲ ಎಂದಳು. ಆಮೇಲೆ ಪ್ರೊಫೆಸರ್ ಕೋಣೆಗೆ ಹೋಗಿ, ಕಳಸದ ಕಡೆ ಮೂರು ದಿನ ಫೀಲ್ಡ್ ಕೆಲಸಕ್ಕೆ ಹೋಗುವ ಅನುಮತಿ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದಳು.

"ಇದೇ ಕೊನೇ ಸಲ ಅಂದೆ," ಎಂದು ನನಗೆ ಪಿಸುಗುಟ್ಟಿದಳು. "ಸಾರ್ ಏನಂದ್ರು ಗೊತ್ತಾ? ನೋಡೋಣ, ಡೇಟಾ ಬರ್ಲಿ ಅಂದ್ರು."

ಮಧ್ಯಾಹ್ನ ನನ್ನ ಬುತ್ತಿಯ ಅಕ್ಕಿರೊಟ್ಟಿಯಲ್ಲಿ ಒಂದೂವರೆ ಅವಳು ತಿಂದಳು. ಸಂಜೆಯವರೆಗೆ ಪ್ರೊಫೆಸರ್ ತಿದ್ದಬೇಕಿದ್ದ ಟೆಸ್ಟ್ ಪೇಪರುಗಳನ್ನು ತಿದ್ದಿದಳು. ನಾಲ್ಕೂವರೆಗೆ ನಾನು ಬಸ್ಸಿಗೆ ಹೊರಟಾಗ ಕಿಟಕಿಯಿಂದಲೇ ಕೈ ಎತ್ತಿದಳು. ಫೆಬ್ರವರಿ ತಿಂಗಳು. ತೋಟಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದರು. ಆ ದಿನದಲ್ಲಿ ವಿಶೇಷ ಏನೂ ಇರಲಿಲ್ಲ. ಆದ್ದರಿಂದಲೇ ಅದನ್ನು ಇಷ್ಟು ನೆನಪಿಟ್ಟುಕೊಂಡಿದ್ದೇನೆ ಅನ್ನಿಸುತ್ತದೆ. ಅಂಥ ದಿನ ಮತ್ತೆ ಬರಲಿಲ್ಲ.

ನಮ್ಮದು ಮೂಡಿಗೆರೆ ಕಡೆಯ ಒಂದು ಗುಡ್ಡದ ಮೇಲಿರುವ ಸಣ್ಣ ಸ್ನಾತಕೋತ್ತರ ಕೇಂದ್ರ. ಮೂಲ ವಿಶ್ವವಿದ್ಯಾಲಯ ಬೇರೆ ಜಿಲ್ಲೆಯಲ್ಲಿದೆ. ಇಲ್ಲಿ ಐದು ವಿಭಾಗ, ಎರಡು ಹಾಸ್ಟೆಲ್, ಒಂದು ಮೆಸ್ಸು. ನಾನು ಸಸ್ಯಶಾಸ್ತ್ರ ವಿಭಾಗದ ಅಟೆಂಡರ್. ಎಸ್ಸೆಸ್ಸೆಲ್ಸಿ ಓದಿದ್ದೇನೆ. ನನ್ನ ಕೆಲಸ ಕಾಯಂ ಅಲ್ಲ. ಪ್ರತಿ ವರ್ಷ ಏಪ್ರಿಲಿನಲ್ಲಿ ವಿಭಾಗದ ಮುಖ್ಯಸ್ಥರು ಮುಂದುವರಿಸಬಹುದು ಎಂದು ಬರೆದುಕೊಟ್ಟರೆ ಇನ್ನೊಂದು ವರ್ಷ ಇರುತ್ತೇನೆ. ಹೀಗೆ ಹದಿನಾಲ್ಕು ವರ್ಷ ಆಗಿದೆ.

ಅವಳು ಇಲ್ಲಿಗೆ ಎಂ.ಎಸ್ಸಿ. ಓದಲು ಬಂದವಳು. ಮುಗಿಸಿ ಇಲ್ಲೇ ಪಿಎಚ್.ಡಿ.ಗೆ ಸೇರಿದಳು. ಎರಡೂ ಸೇರಿ ಒಂಬತ್ತು ವರ್ಷ ಅದೇ ಹಾಸ್ಟೆಲಿನ ಅದೇ ಕೋಣೆಯಲ್ಲಿದ್ದಳು. ಬಣಕಲ್ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರಿಗೆ ಕಟ್ಟಿದ ಲೈನುಮನೆಯ ಹುಡುಗಿ. ಅಮ್ಮ ಕಾಫಿ ಹಣ್ಣು ಕುಯ್ಯುವವರು, ಅಪ್ಪ ಆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಕೆಲಸದವರು. ಆ ಲೈನಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು.

ಅವಳು ಮಾಡುತ್ತಿದ್ದ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಾಫಿ ತೋಟಗಳಲ್ಲಿ ಮೊದಲು ಅತ್ತಿ, ಹಲಸು, ನಂದಿ, ಬೀಟೆ ಎಂದು ನಾನಾ ನೆರಳಿನ ಮರ ಇರುತ್ತಿದ್ದವು. ಈಗ ಬಹಳ ಕಡೆ ಸಿಲ್ವರ್ ಓಕ್ ಮಾತ್ರ. ಇದರಿಂದ ನೆಲಕ್ಕೆ, ನೀರಿಗೆ, ಗಿಡಕ್ಕೆ ಏನಾಗಿದೆ ಎಂದು ಅವಳು ನೋಡುತ್ತಿದ್ದಳು. ಬೇರೆ ಬೇರೆ ತೋಟಗಳಲ್ಲಿ ಹಗ್ಗ ಕಟ್ಟಿ ನಲವತ್ತು ಚೌಕ ಗುರುತು ಮಾಡಿಕೊಂಡಿದ್ದಳು. ಪ್ಲಾಟ್ ಎನ್ನುತ್ತಿದ್ದಳು. ಪ್ರತಿ ಸೀಸನ್ನಿನಲ್ಲಿ ಹೋಗಿ ಆ ನಲವತ್ತರ ಒಳಗಿನ ಮರಗಳ ಸುತ್ತಳತೆ ತೆಗೆದು ಬರಬೇಕು.

ಹಾಗಾಗಿ ಅವಳ ಬ್ಯಾಗಿನಲ್ಲಿ ಯಾವಾಗಲೂ ಬಟ್ಟೆಯ ಟೇಪು ಇರುತ್ತಿತ್ತು. ಕೈ ಸುಮ್ಮನಿರುತ್ತಿರಲಿಲ್ಲ. ಕಾರಿಡಾರಿನ ಕಂಬ, ಮೆಸ್ಸಿನ ಸಾಂಬಾರಿನ ಹಂಡೆ, ಎಲ್ಲ ಅಳೆದು ನೋಡಿದ್ದಳು. ಒಮ್ಮೆ ಮೆಸ್ಸಿನ ಅಡಿಗೆ ಭಟ್ಟರ ಹೊಟ್ಟೆ ಅಳೆದು, "ಭಟ್ರೇ, ನೂರಾ ಹದಿನೆಂಟು. ಅತ್ತಿಮರಕ್ಕೆ ಸಮ ಇದೀರಿ, ಕಡಿಯಕ್ಕೆ ಇಲಾಖೆ ಪರ್ಮಿಶನ್ ಬೇಕು," ಎಂದಳು. ಭಟ್ಟರು ಒಂದು ವಾರ ಅವಳಿಗೆ ಮಜ್ಜಿಗೆ ಮೆಣಸು ಬಡಿಸಲಿಲ್ಲ.

ತೋಟದ ಲೆಕ್ಕ ನೋಡುವ ರೈಟರುಗಳಿಗೆ ಅವಳ ಮೇಲೆ ಮೊದಲು ಗುಮಾನಿ. ಟೇಪು ಹಿಡಿದು ಮರ ಅಳೆಯುವವರು ಅಂದರೆ ಒಂದೋ ಅರಣ್ಯ ಇಲಾಖೆ, ಇಲ್ಲಾ ಟಿಂಬರ್ ವ್ಯಾಪಾರದವರು. ಒಂದು ಸಲ ಅವಳು ಹುಟ್ಟಿದ ಎಸ್ಟೇಟಿನ ಮಾಲೀಕರೇ ದಾರಿಯಲ್ಲಿ ಜೀಪು ನಿಲ್ಲಿಸಿದರಂತೆ.

"ನಮ್ಮ ಲೈನಿನ ಹುಡುಗಿ ಅಲ್ವಾ ನೀನು? ಡಾಕ್ಟರ್ ಆಗ್ತೀಯಂತೆ. ನನ್ನ ಸೊಂಟಕ್ಕೆ ಏನಾದ್ರೂ ಕೊಡು ನೋಡೋಣ."

"ನಾನು ಮರದ ಡಾಕ್ಟ್ರು ಸಾರ್. ನಿಮಗೆ ಬೇಕು ಅಂದ್ರೆ ಬೋರ್ಡೋ ಹೊಡಿಬೋದು, ಅಷ್ಟೇ."

ಗಿಡಕ್ಕೆ ಹೊಡೆಯುವ ಔಷಧಿ ತನಗೆ ಹೊಡೆಯುತ್ತೇನೆಂದ ಹುಡುಗಿಯನ್ನು ಅವರು ನಗುತ್ತಲೇ ಬೀಳ್ಕೊಟ್ಟರು. ಆದರೆ ಮಾರನೆಯ ದಿನ ರೈಟರು ಅವಳ ಅಪ್ಪನನ್ನು ಕರೆದು, ಮಗಳಿಗೆ ಮಾತು ಜಾಸ್ತಿ ಆಯ್ತು ಎಂದು ಹೇಳಿ ಕಳಿಸಿದರು. ಇದನ್ನು ಹೇಳುವಾಗಲೂ ಅವಳು ನಗುತ್ತಿದ್ದಳು. ನಗುತ್ತಾ ನಗುತ್ತಾ ಮುಖ ಬೇರೆ ಕಡೆ ಮಾಡಿಕೊಳ್ಳುವುದು ಅವಳ ಅಭ್ಯಾಸ.

ಇಡೀ ಕೇಂದ್ರಕ್ಕೆ ಅವಳು ಅಕ್ಕ. ಅದಕ್ಕೆ ಕಾರಣ ಆ ನೋಟಿಸ್ ಬೋರ್ಡು. ಮೊದಲು ಅದರಲ್ಲಿ ಪರೀಕ್ಷೆ ಶುಲ್ಕದ ಸುತ್ತೋಲೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಎಲ್ಲೆಲ್ಲಿ ಫೆಲೋಶಿಪ್ ಕರೆದಿದ್ದಾರೆ, ಯಾವ ಸಂಸ್ಥೆಯಲ್ಲಿ ಬೇಸಿಗೆ ತರಬೇತಿ ಇದೆ, ಯಾವ ಪರೀಕ್ಷೆಗೆ ಅರ್ಜಿ ಶುರುವಾಗಿದೆ ಎಂಬುದು ಇಲ್ಲಿನ ಮಕ್ಕಳಿಗೆ ತಿಳಿಯುತ್ತಿದ್ದದ್ದು ಕೊನೆಯ ದಿನ ದಾಟಿದ ಮೇಲೆ. ಅವಳು ಪ್ರತಿ ಭಾನುವಾರ ಹುಡುಕಿ, ಸೋಮವಾರ ಬೆಳಿಗ್ಗೆ ಹಳೇ ಡೇಟಾ ಶೀಟುಗಳ ಹಿಂಬದಿಯಲ್ಲಿ ಕನ್ನಡದಲ್ಲಿ ಕೈಯಲ್ಲಿ ಬರೆದು ಹಾಕುತ್ತಿದ್ದಳು. ಯಾರು ಹಾಕಬಹುದು, ಏನೇನು ಕಾಗದ ಬೇಕು, ಯಾರಿಗೆ ಹೆದರಬಾರದು, ಎಲ್ಲ. ಪ್ರತಿ ಹಾಳೆಯ ಕೆಳಗೂ ಒಂದೇ ಸಾಲು: "ಕೊನೆಯ ದಿನಕ್ಕೆ ಕಾಯಬೇಡಿ. ಆ ದಿನ ಕರೆಂಟ್ ಇರುವುದಿಲ್ಲ."

ಅದು ನಿಜವೂ ಹೌದು. ನಮ್ಮಲ್ಲಿ ಗಾಳಿ ಬಂದರೆ ಕರೆಂಟಿಲ್ಲ, ಕರೆಂಟ್ ಹೋದರೆ ನೆಟ್‌ವರ್ಕಿಲ್ಲ. ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಎರಡು ಗೆರೆ ಸಿಗುತ್ತದೆ. ಅವಳು ಲ್ಯಾಪ್‌ಟಾಪ್ ಎದೆಗೆ ಒತ್ತಿಕೊಂಡು ಆ ಕಬ್ಬಿಣದ ಏಣಿ ಹತ್ತಿ, ಕೆಳಗೆ ಸಾಲಾಗಿ ನಿಂತ ಮಕ್ಕಳ ಅರ್ಜಿಗಳನ್ನು ಒಂದೊಂದಾಗಿ ಕಳಿಸುತ್ತಿದ್ದಳು. "ಯಾರದ್ದು ಫೋಟೋ ದೊಡ್ಡದಾಯ್ತು? ನೂರು ಕೇಬಿ ಒಳಗೆ ಮಾಡ್ಕೊಂಡು ಬಾ ಮಾರಾಯ್ತಿ, ನಿನ್ನ ಮುಖ ಅಷ್ಟು ದೊಡ್ಡದು ಅವರಿಗೆ ಬೇಡ್ವಂತೆ," ಎಂದು ಮೇಲಿಂದ ಕೂಗುತ್ತಿದ್ದಳು.

ಹೀಗೆ ಹೋದವರು ಎಷ್ಟೋ ಮಂದಿ. ಹೈದರಾಬಾದಿಗೆ, ಪುಣೆಗೆ, ಒಬ್ಬಳು ಜರ್ಮನಿಗೂ ಹೋದಳು. ಪ್ರತಿ ಸಲವೂ ಅವಳು ಬಸ್ ಸ್ಟಾಪಿನವರೆಗೆ ಸೂಟ್‌ಕೇಸ್ ಹಿಡಿದು ಬಿಟ್ಟು ಬಂದು, ನನ್ನ ಸ್ಟೂಲಿನ ಪಕ್ಕ ಕೂರುತ್ತಿದ್ದಳು. "ಇನ್ನೊಂದು ಪಾರ್ಸೆಲ್ ಹೋಯ್ತು ಸುಶೀಲಕ್ಕ."

"ನಿನ್ನ ಪಾರ್ಸೆಲ್ ಯಾವಾಗ?"

"ಸೀಲ್ ಒತ್ತವ್ರು ಒತ್ತಬೇಕಲ್ಲ."

ಆನೆಗಳ ಕಾಟ ಶುರುವಾದ ಮೇಲೆ ಕೇಂದ್ರದ ಗೇಟನ್ನು ಆರು ಗಂಟೆಗೇ ಹಾಕುತ್ತಾರೆ. ಎಷ್ಟೋ ದಿನ ಮಧ್ಯಾಹ್ನ ಮೂರಕ್ಕೇ ಎಲ್ಲರ ಫೋನೂ ಒಟ್ಟಿಗೆ ಸದ್ದು ಮಾಡುತ್ತದೆ: ಇಂಥ ತೋಟದಲ್ಲಿ ಆನೆ ಇದೆ, ಯಾರೂ ಹೊರಗೆ ಬರಬೇಡಿ. ಆಗ ಯಾರು ಎಲ್ಲಿದ್ದರೆ ಅಲ್ಲೇ. ಒಂದು ಸಲ ನಾನೂ ಮಕ್ಕಳ ಜೊತೆ ಓದುವ ಕೋಣೆಯಲ್ಲಿ ಸಿಕ್ಕಿಕೊಂಡೆ. ಎಲ್ಲರೂ ಕಿಟಕಿಯಲ್ಲಿ ಇಣುಕುತ್ತಿದ್ದರು. ಅವಳು ಎರಡು ಕುರ್ಚಿ ಎದುರುಬದುರು ಹಾಕಿ, ಗೋಣಿಬೀಡಿನ ರಮ್ಯಾ ಎಂಬ ಹುಡುಗಿಯನ್ನು ಕೂರಿಸಿದಳು. ಮುಂದಿನ ವಾರ ರಮ್ಯಾಗೆ ಒಂದು ಸಂದರ್ಶನ ಇತ್ತು.

"ನಿನ್ನ ಬಗ್ಗೆ ಹೇಳು."

"ನಮ್ಮೂರು ಗೋಣಿಬೀಡು ಅಕ್ಕ."

"ಊರಲ್ಲ ಮಾರಾಯ್ತಿ. ನಿನ್ನ ಬಗ್ಗೆ."

"ನನ್ನ ಬಗ್ಗೆ ಹೇಳಕ್ಕೆ ಎಂತ ಇದೆ?"

"ಮೊನ್ನೆ ಮೆಸ್ಸಲ್ಲಿ ಕೋಳಿ ತುಂಡು ಕಮ್ಮಿ ಬಂತು ಅಂತ ಅರ್ಧ ಗಂಟೆ ಮಾತಾಡಿದ್ಯಲ್ಲ. ಅವತ್ತು ಎಷ್ಟು ಧೈರ್ಯ ಇತ್ತು. ಅಷ್ಟೇ ಧೈರ್ಯದಲ್ಲಿ ನಿನ್ನ ಪ್ರಾಜೆಕ್ಟ್ ಬಗ್ಗೆ ಹೇಳು."

ಎಲ್ಲರೂ ನಕ್ಕರು. ರಮ್ಯಾ ಹೇಳಿದಳು. ತಡವರಿಸಿದಾಗಲೆಲ್ಲ ಅವಳು ಕಾಯುತ್ತಿದ್ದಳು, ಮಾತು ತುಂಬಿಸಿ ಕೊಡುತ್ತಿರಲಿಲ್ಲ. ಒಂದೂವರೆ ಗಂಟೆಯ ನಂತರ ಆನೆ ಹೋಯಿತು ಎಂದು ಮೆಸೇಜು ಬಂತು. ಮಕ್ಕಳೆಲ್ಲ ಎದ್ದು ಹೊರಟರು. ಅವಳು ಕುರ್ಚಿಯಿಂದ ಏಳದೆ, "ಆನೆ ಹೋದ್ರೆ ಇವರಿಗೆ ಬಾಗಿಲು ತೆಗಿತದೆ, ನೋಡಿ," ಎಂದಳು. ಆಗ ಅದು ನನಗೆ ತಮಾಷೆಯಾಗಿಯೇ ಕೇಳಿಸಿತ್ತು.

ಪ್ರೊಫೆಸರ್ ಬಗ್ಗೆ ಬರೆಯದೆ ಅವಳ ಬಗ್ಗೆ ಬರೆಯಲಾಗುವುದಿಲ್ಲ. ಅವರೇ ವಿಭಾಗದ ಮುಖ್ಯಸ್ಥರು, ಅವಳ ಗೈಡೂ ಅವರೇ. ಕೆಟ್ಟವರು ಎಂದು ಬರೆದರೆ ಸುಳ್ಳಾಗುತ್ತದೆ. ಕುಡಿತ ಇಲ್ಲ, ಕೂಗಾಟ ಇಲ್ಲ. ಮರ ನೋಡಿದರೆ ಎಲೆ ಮುಟ್ಟದೆ ಹೆಸರು ಹೇಳುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಇರುವುದು ಒಂದೇ ಭಯ: ತಾನು ಸಹಿ ಹಾಕಿದ ಕಾಗದದಲ್ಲಿ ಯಾರಾದರೂ ತಪ್ಪು ಹುಡುಕಿದರೆ? ಆದ್ದರಿಂದ ಅವಳು ಅಧ್ಯಾಯ ಬರೆದು ಕೊಟ್ಟರೆ ಮೂರು ತಿಂಗಳು ಅವರ ಮೇಜಿನ ಮೇಲೆ ಇರುತ್ತಿತ್ತು. ವಾಪಸು ಬಂದಾಗ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು: ಇನ್ನೊಂದು ಸೀಸನ್ ಡೇಟಾ ಇರಲಿ. ಹೀಗೆ ಎರಡು ಸೀಸನ್ನಿನ ಕೆಲಸ ಆರು ಸೀಸನ್ ಆಯಿತು. ನಡುವೆ ಅವರ ತರಗತಿ ತೆಗೆದುಕೊಳ್ಳುವುದು, ಪೇಪರು ತಿದ್ದುವುದು, ಹೊರಗಿನಿಂದ ಬಂದ ಅತಿಥಿಗಳಿಗೆ ಗುಡ್ಡ ತೋರಿಸುವುದು ಎಲ್ಲ ಅವಳ ಮೇಲೆ ಬಿತ್ತು. ಅವಳಿಲ್ಲದೆ ಅವರಿಗೆ ಕೈ ಆಡುತ್ತಿರಲಿಲ್ಲ. ಬಿಡಬಾರದು ಎಂದು ಅವರು ಯೋಚಿಸಿ ಮಾಡಿದ್ದಲ್ಲ ಎಂದುಕೊಳ್ಳುತ್ತೇನೆ. ಆದರೆ ಬಿಡಲಿಲ್ಲ.

ಈಗ ನಾನು ಮಾಡಿದ್ದನ್ನು ಬರೆಯಬೇಕು.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಸಂಶೋಧನೆ ಮಾಡುವವರ ಹೆಸರಿಗೆ ಯಾವ ಟಪಾಲು ಬಂದರೂ ನೇರ ಅವರ ಕೈಗೆ ಕೊಡುವ ಹಾಗಿಲ್ಲ. ನಾನು ಅದನ್ನು ಆವಕ ಪುಸ್ತಕದಲ್ಲಿ ಬರೆದು, ಕೆಂಪು ಫೈಲಿನಲ್ಲಿಟ್ಟು ಗೈಡ್ ಮೇಜಿಗೆ ಇಡಬೇಕು. ಅವರು ನೋಡಿ ಮೂಲೆಯಲ್ಲಿ ಸಣ್ಣ ಸಹಿ ಹಾಕಿದ ಮೇಲೆ ಕೊಡಬೇಕು. ಯಾವ ನಿಯಮದಲ್ಲಿ ಹೀಗಿದೆ ಎಂದು ಯಾರಿಗೂ ಗೊತ್ತಿಲ್ಲ. ನನಗಿಂತ ಮೊದಲಿದ್ದವರು ಹೀಗೆ ಮಾಡುತ್ತಿದ್ದರು, ನನಗೂ ಹೇಳಿಕೊಟ್ಟರು. ಸೇರಿದ ಹೊಸತರಲ್ಲಿ ಒಬ್ಬ ಹುಡುಗನಿಗೆ ಅವನ ಕಾಗದ ನೇರ ಕೊಟ್ಟೆ. ಪ್ರೊಫೆಸರ್ ಕರೆದು, "ನನ್ನ ಕಣ್ಣಿಗೆ ಬೀಳ್ದೆ ಇಲ್ಲಿಂದ ಒಂದು ಕಾಗದ ಹೋಗ್ಬಾರ್ದು ಸುಶೀಲಾ," ಎಂದರು. ಆಗ ಮಾರ್ಚ್ ತಿಂಗಳು. ಏಪ್ರಿಲಿನಲ್ಲಿ ನನ್ನ ಕೆಲಸದ ಕಾಗದಕ್ಕೆ ಅವರೇ ಸಹಿ ಹಾಕಬೇಕಿತ್ತು.

ಹೋದ ವರ್ಷ ಆಗಸ್ಟಿನಲ್ಲಿ ಅವಳ ಹೆಸರಿಗೆ ಒಂದು ದಪ್ಪ ಲಕೋಟೆ ಬಂತು. ಬೇರೆ ರಾಜ್ಯದ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಿಂದ. ಮರಗಳ ಬಗ್ಗೆ ಕೆಲಸ ಮಾಡುವವರನ್ನು ಜನವರಿಯಿಂದ ಆರು ತಿಂಗಳು ಅಲ್ಲಿಗೆ ಕರೆಸಿಕೊಂಡು, ಅಲ್ಲಿನವರ ಜೊತೆ ಕೂತು ಪ್ರಬಂಧ ಮುಗಿಸಲು ಬಿಡುತ್ತಾರಂತೆ. ಅವಳು ಅರ್ಜಿ ಹಾಕಿದ್ದು ನನಗೆ ಗೊತ್ತಿತ್ತು; ಅರ್ಜಿಗೆ ಮೊಹರು ಒತ್ತಿದ್ದು ನಾನೇ. ಲಕೋಟೆಯ ಮೇಲೆ ಆ ಸಂಸ್ಥೆಯ ಹೆಸರು ಓದಿದೆ. ಆವಕ ಪುಸ್ತಕದಲ್ಲಿ ಬರೆದೆ. ಕೆಂಪು ಫೈಲಿನಲ್ಲಿಟ್ಟು ಮೇಜಿನ ಮೇಲಿಟ್ಟೆ.

ಪ್ರೊಫೆಸರ್ ಆ ವಾರ ರಜೆಯಲ್ಲಿದ್ದರು. ಬಂದ ಮೇಲೆ ಫೈಲು ತೆರೆದರೋ ಇಲ್ಲವೋ ಗೊತ್ತಿಲ್ಲ. ಅದರ ಮೇಲೆ ಬೇರೆ ಕಾಗದ ಬಂದು ಬಿದ್ದವು. ಹೀಗೆ ಹದಿನೆಂಟು ದಿನ ಹೋಯಿತು. ಅಷ್ಟೂ ದಿನ ಅವಳು ನನ್ನೆದುರೇ ಓಡಾಡಿದಳು. ಎರಡು ಸಲ, "ಟಪಾಲಿನವ್ರು ಬಂದಿದ್ರಾ?" ಎಂದು ಕೇಳಿದಳು. ಬಂದಿದ್ದರು ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಸಾರ್ ನೋಡದೆ ಹೇಳುವುದು ಸರಿಯಲ್ಲ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಇವತ್ತಲ್ಲ ನಾಳೆ ಅವರು ನೋಡುತ್ತಾರೆ, ಅವಳ ಕೈಗೆ ನಾನೇ ಕೊಡುತ್ತೇನೆ, ಅವಳ ಮುಖ ನೋಡಬಹುದು ಎಂದು ಒಳಗೊಳಗೇ ಸಂತೋಷವನ್ನೂ ಪಟ್ಟಿದ್ದೆ.

ಹತ್ತೊಂಬತ್ತನೆಯ ದಿನ ಆ ಸಂಸ್ಥೆಯಿಂದ ಅವಳಿಗೆ ಫೋನ್ ಬಂತು. ಆಯ್ಕೆಯಾಗಿತ್ತು. ಗೈಡ್ ಒಪ್ಪಿಗೆ ಪತ್ರಕ್ಕೆ ಸಹಿ, ಮೊಹರು ಹಾಕಿ ಹದಿನೈದು ದಿನದೊಳಗೆ ಕಳಿಸಬೇಕಿತ್ತು. ಕಳಿಸದ ಕಾರಣ ಮುಂದಿನ ಹೆಸರಿನವರನ್ನು ಕರೆದಿದ್ದಾರೆ. ಇ-ಮೇಲ್ ಬರಲಿಲ್ಲವೇ ಎಂದು ಕೇಳಿದವರಿದ್ದಾರೆ. ಬಂದಿತ್ತು. ಅರ್ಜಿಯಲ್ಲಿ ಗೈಡ್ ಇ-ಮೇಲನ್ನೇ ಕೊಡಬೇಕಿತ್ತು.

ಅವಳು ನನ್ನ ಸ್ಟೂಲಿನ ಹತ್ತಿರ ಬಂದು ನಿಂತಳು. "ಸುಶೀಲಕ್ಕ, ನನ್ನ ಹೆಸರಿಗೆ ಟಪಾಲು ಬಂದಿತ್ತಾ?"

"ಸಾರ್ ಫೈಲಲ್ಲಿದೆ."

"ಯಾವತ್ತು ಬಂದಿದ್ದು?"

ನಾನು ಆವಕ ಪುಸ್ತಕ ತೆರೆದು ತೋರಿಸಿದೆ. ತಾರೀಖಿನ ಮೇಲೆ ಬೆರಳಿಟ್ಟು ದಿನ ಎಣಿಸಿದಳು. ನಾನು ಏನೋ ಹೇಳಲು ಹೋದೆ. "ಹೋಗ್ಲಿ ಬಿಡಿ," ಎಂದಳು. "ನೀವೆಂತ ಮಾಡ್ತೀರಿ. ನಿಮ್ಮದೂ ಏಪ್ರಿಲ್ ಇದೆಯಲ್ಲ."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪ್ರೊಫೆಸರ್ ಕೋಣೆಯಿಂದ ಹೊರಗೆ ಬರುವಾಗ ಅವಳ ಕೈಯಲ್ಲಿ ಒಡೆಯದ ಲಕೋಟೆ ಇತ್ತು. ಅವರು, ಅಯ್ಯೋ ಗಮನಿಸಲಿಲ್ಲ, ಮುಂದಿನ ವರ್ಷ ಹಾಕಿದರಾಯಿತು, ಹೇಗೂ ಈ ಸೀಸನ್ ಡೇಟಾ ಬೇಕಲ್ಲ ಎಂದರಂತೆ.

ಮುಂದಿನ ಸೋಮವಾರ ಬೋರ್ಡಿನಲ್ಲಿ ಹೊಸ ಹಾಳೆ ಇತ್ತು: "ಅರ್ಜಿಯಲ್ಲಿ ಡಿಪಾರ್ಟ್‌ಮೆಂಟಿನ ವಿಳಾಸ ಕೊಡಬೇಡಿ. ನಿಮ್ಮ ಮನೆಯ ವಿಳಾಸ ಕೊಡಿ." ಅಷ್ಟೇ. ನಾನು ಅದನ್ನು ಓದಿ, ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ: "ನೀನ್ಯಾಕೆ ನಿಮ್ಮ ಮನೆ ವಿಳಾಸ ಕೊಡಲಿಲ್ಲ?"

"ಲೈನುಮನೆಗೆ ಎಲ್ಲಿ ಟಪಾಲು ಬರ್ತದೆ? ಎಸ್ಟೇಟ್ ಆಫೀಸಿಗೆ ಬರ್ತದೆ. ರೈಟರು ನೋಡಿ, ಧನಿಗಳು ನೋಡಿ, ಮನಸ್ಸು ಬಂದಾಗ ಅಪ್ಪನ ಕೈಗೆ ಕೊಡ್ತಾರೆ. ಎಂ.ಎಸ್ಸಿ. ಸೀಟಿನ ಕಾಗದ ಹಾಗೇ ಒಂದು ತಿಂಗಳು ಅಲ್ಲಿತ್ತು. ಅದಕ್ಕೇ ಇಲ್ಲಿಯ ವಿಳಾಸ ಕೊಟ್ಟೆ. ಇದು ಓದಿದವರ ಜಾಗ ಅಲ್ವಾ ಅಂತ."

ರೊಟ್ಟಿ ಮುರಿಯುತ್ತಾ ಹೇಳಿದಳು. ಆಗ ನಾನು, ಇನ್ನು ಮೇಲೆ ನಮ್ಮ ಮನೆಯ ವಿಳಾಸ ಕೊಡು ಎಂದೆ. ಅವಳು ಅದನ್ನು ಬರೆದುಕೊಂಡಳು. ಆಮೇಲೆ ಬೇರೆ ಮಕ್ಕಳ ಎಷ್ಟೋ ಕಾಗದ ನಮ್ಮ ಮನೆಗೆ ಬಂದವು. ಅವಳ ಹೆಸರಿಗೆ ಬರಲಿಲ್ಲ. ಅವಳು ಮತ್ತೆ ಎಲ್ಲಿಗೂ ಅರ್ಜಿ ಹಾಕಲಿಲ್ಲ. ಈ ಸೀಸನ್ ಮುಗಿಸಿ ಪ್ರಬಂಧ ಕೊಟ್ಟುಬಿಡ್ತೀನಿ, ಆಮೇಲೆ ಯಾರ ಸಹಿಯೂ ಬೇಡ ಎನ್ನುತ್ತಿದ್ದಳು.

ಹಾಗೆ ಫೆಬ್ರವರಿಯಲ್ಲಿ ಕಳಸಕ್ಕೆ ಹೋದಳು. ಮೊದಲ ದಿನ ಮೂರು ಪ್ಲಾಟ್ ಆಯಿತು. ಎರಡನೆಯ ದಿನ ಬೆಳಿಗ್ಗೆ ಒಂದು. ಉಳಿದದ್ದು ಮೂವತ್ತೊಂಬತ್ತು ಮತ್ತು ನಲವತ್ತು, ಎರಡೂ ಒಂದೇ ತೋಟದ ಕಾಡಂಚಿನಲ್ಲಿ. ಅಲ್ಲಿ ಆನೆ ಇಳಿದಿದೆ ಎಂದು ತೋಟದವರು ಒಳಗೆ ಬಿಡಲಿಲ್ಲ. ಒಂದು ದಿನ ಕಾದು ವಾಪಸು ಬಂದಳು. "ಎರಡೇ ಎರಡು ಉಳೀತು ಸುಶೀಲಕ್ಕ," ಎಂದು ಬೆರಳು ತೋರಿಸಿದಳು.

ವಾರದೊಳಗೆ ಜ್ವರ ಬಂತು. ತಲೆನೋವು, ಕಣ್ಣು ಕೆಂಪು. ಆ ಭಾಗದಲ್ಲಿ ಮಂಗ ಸತ್ತ ಸುದ್ದಿ ಇತ್ತು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇರಬಹುದು ಎಂದು ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡೇ ಕಳಸಕ್ಕೆ ಹೋಗಿದ್ದಳು. ಐದಾರು ದಿನ ಆಸ್ಪತ್ರೆಯಲ್ಲಿದ್ದು ಜ್ವರ ಪೂರ್ತಿ ಬಿಟ್ಟಿತು. ಪರೀಕ್ಷೆಯ ಫಲ ಬರುವವರೆಗೆ ವಿಶ್ರಾಂತಿಯಲ್ಲಿರಲು ಹೇಳಿ ಮನೆಗೆ ಕಳಿಸಿದರು. ಅವಳು ಲೈನುಮನೆಗೆ ಹೋಗಲಿಲ್ಲ, ಹಾಸ್ಟೆಲಿಗೆ ಬಂದಳು. ಲೈನಿನಲ್ಲಿ ಕರೆಂಟಿಲ್ಲ, ಲ್ಯಾಪ್‌ಟಾಪಿಗೆ ತೊಂದರೆ ಎಂದಳು.

ಆರು ದಿನ ಜ್ವರ ಇರಲಿಲ್ಲ. ಆ ಆರು ದಿನ ಅವಳು ಕೊನೆಯ ಅಧ್ಯಾಯ ಬರೆದಳು. ನಾನು ಗಂಜಿ ತೆಗೆದುಕೊಂಡು ಹೋದಾಗ ಹಾಸಿಗೆಯ ಮೇಲೆ ಹಾಳೆಗಳ ನಡುವೆ ಕೂತಿರುತ್ತಿದ್ದಳು. ಮೈ ಇಳಿದಿತ್ತು.

"ಮಲಗು ಮಗಾ. ಪುಸ್ತಕ ಎಲ್ಲಿ ಹೋಗ್ತದೆ?"

"ಎಲ್ಲೂ ಹೋಗಲ್ಲ ಅನ್ನೋದೇ ಕಷ್ಟ ಸುಶೀಲಕ್ಕ."

ಏಳನೆಯ ದಿನ ಜ್ವರ ಮತ್ತೆ ಬಂತು. ಆ ಕಾಯಿಲೆ ಹಾಗೇ ಅಂತೆ, ಬಿಟ್ಟು ಮತ್ತೆ ಹಿಡಿಯುತ್ತದೆ. ಈ ಸಲ ಮಾತು ತೊದಲಿತು, ಕೈ ನಡುಗಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ದೆವು. ಪ್ರೊಫೆಸರ್ ತಮ್ಮ ಕಾರಿನಲ್ಲಿ ಹಿಂದೆಯೇ ಬಂದರು. ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡಳು. ಮೂವತ್ತೊಂದು ವರ್ಷ.

ಆ ಲಕೋಟೆಯನ್ನು ನಾನು ಆಗಸ್ಟಿನಲ್ಲಿ ಅವಳ ಕೈಗೆ ಕೊಟ್ಟಿದ್ದರೆ ಫೆಬ್ರವರಿಯಲ್ಲಿ ಅವಳು ಈ ಊರಿನಲ್ಲೇ ಇರುತ್ತಿರಲಿಲ್ಲ. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಬದಲಾಗುವುದಿಲ್ಲ.

ಅವಳು ಹೋದ ಮೇಲೆ ರಮ್ಯಾ ಅವಳ ಲ್ಯಾಪ್‌ಟಾಪಿನಿಂದ ಎಲ್ಲ ಅಧ್ಯಾಯಗಳನ್ನು ತೆಗೆದು ಜೋಡಿಸಿದಳು. ರಮ್ಯಾ ಈಗ ನಮ್ಮಲ್ಲೇ ಸಂಶೋಧನೆಗೆ ಸೇರಿದ್ದಾಳೆ, ಅದೇ ಗೈಡ್ ಕೈಕೆಳಗೆ. ವಿದ್ಯಾರ್ಥಿ ತೀರಿಕೊಂಡರೂ ನೋಂದಣಿಯ ಅವಧಿ ಮುಗಿಯುವುದರೊಳಗೆ ಗೈಡ್ ಶಿಫಾರಸು ಮಾಡಿ ಕಳಿಸಿದರೆ ನಮ್ಮ ವಿಶ್ವವಿದ್ಯಾಲಯ ಪ್ರಬಂಧ ತೆಗೆದುಕೊಳ್ಳುತ್ತದಂತೆ. ಮೂಲ ಕಚೇರಿಗೆ ಹೋಗಿ ಕೇಳಿಕೊಂಡು ಬಂದದ್ದೂ ರಮ್ಯಾಳೇ. ಆರು ಸೀಸನ್ನಿನ ಕೆಲಸದಲ್ಲಿ ಕೊನೆಯ ಸೀಸನ್ನಿನ ಎರಡು ಪ್ಲಾಟ್ ಇಲ್ಲದಿದ್ದರೆ ಏನೂ ಕೆಡುವುದಿಲ್ಲ, ಒಂದು ಸಾಲು ಟಿಪ್ಪಣಿ ಹಾಕಿದರೆ ಸಾಕು ಎನ್ನುತ್ತಾಳೆ. ಪ್ರತಿಗಳನ್ನು ಬೈಂಡ್ ಮಾಡಿಸಿದೆವು. ಮೊದಲ ಪ್ರತಿಯನ್ನು ಪ್ರೊಫೆಸರ್ ಮೇಜಿಗೆ ನಾನೇ ತೆಗೆದುಕೊಂಡು ಹೋದೆ.

ಅವರು ಹಾಳೆ ತಿರುವಿದರು. ಬಹಳ ಹೊತ್ತು ತಿರುವಿದರು.

"ಮೂವತ್ತೊಂಬತ್ತು, ನಲವತ್ತು ಇಲ್ಲ ಸುಶೀಲಾ."

"ಎರಡೇ ಅಲ್ವಾ ಸಾರ್."

"ಎರಡಾದ್ರೂ ಇಲ್ಲದ್ದು ಇಲ್ಲವೇ. ನಾಳೆ ಪರೀಕ್ಷಕರು ಕೇಳಿದ್ರೆ ಉತ್ತರ ಹೇಳಕ್ಕೆ ಅವಳಿಲ್ಲ."

"ರಮ್ಯಾ ಹೋಗಿ ಅಳೆದು ಬರ್ತೀನಿ ಅಂತಾಳೆ ಸಾರ್."

ಅವರು ಕನ್ನಡಕ ತೆಗೆದರು. "ಆ ತೋಟಕ್ಕೆ ನಾನು ಇನ್ನು ಯಾರನ್ನೂ ಕಳಿಸಲ್ಲ," ಎಂದರು. ಆಮೇಲೆ ಗೋಡೆಯ ಕಡೆ ನೋಡುತ್ತಾ, "ಹೋಗು ಅಂದವನು ನಾನೇ ಅಲ್ವಾ," ಎಂದರು. ನನಗೆ ಅವರ ಮೇಲೆ ಇದ್ದ ಸಿಟ್ಟು ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೋಗಿದ್ದು ಮತ್ತೆ ಬಂದಿದೆ. ಆದರೂ ಆ ಮುಖ ನೋಡಿದ್ದೇನೆ.

"ಇಡು. ನೋಡ್ತೀನಿ," ಎಂದರು.

ಅದಾಗಿ ಐದು ತಿಂಗಳು. ರಮ್ಯಾ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲು ಹೆದರುತ್ತಾಳೆ. ರಮ್ಯಾಳ ನೋಂದಣಿಯ ಕಾಗದವೂ ಅದೇ ಮೇಜಿನ ಮೇಲಿದೆ. ನಾನು ಪ್ರತಿ ವಾರ ಕೇಳುತ್ತೇನೆ. ಬರುವ ಏಪ್ರಿಲಿನಲ್ಲಿ ನನ್ನನ್ನು ಮುಂದುವರಿಸುತ್ತಾರೋ ಇಲ್ಲವೋ, ಈಗ ಅದರ ಯೋಚನೆ ಮಾಡುವುದಿಲ್ಲ. ಕೇಳಿದಾಗಲೆಲ್ಲ ಅವರು ತಲೆ ಆಡಿಸುತ್ತಾರೆ. ಇಲ್ಲ ಎನ್ನುವುದಿಲ್ಲ.

ಹೋದ ತಿಂಗಳು ಬಣಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಅವಳ ಅಮ್ಮ ಸಿಕ್ಕರು. ಕೆಲಸ ಮುಗಿಸಿ ಸಾಮಾನಿಗೆ ಬಂದಿದ್ದರು. ನನ್ನ ಕೈ ಹಿಡಿದುಕೊಂಡು ಕೇಳಿದರು.

"ಪುಸ್ತಕ ಆಯ್ತಾ ಅಮ್ಮಾ? ಕೆಂಪು ಬಣ್ಣದ್ದು, ಮೇಲೆ ಚಿನ್ನದ ಅಕ್ಷರದಲ್ಲಿ ಹೆಸರು ಬರ್ತದೆ ಅಂತ ಹೇಳಿದ್ಲು."

"ಆಗ್ತಾ ಇದೆ."

"ನಮಗೆ ಓದಕ್ಕೆ ಬರಲ್ಲ. ಮುಟ್ಟಿ ನೋಡ್ಬೇಕು ಅಂತ ಅಷ್ಟೇ."

ನಾನು ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ, ಬರೆಯಲೇ ಎಂದು ಕೇಳಿದೆ. "ಬರೀರಿ. ಹೆಸರು ಮಾತ್ರ ಹಾಕ್ಬೇಡಿ. ಸತ್ತಾಗ ಪೇಪರಲ್ಲಿ ಕಾಯಿಲೆ ಹೆಸರಿನ ಪಕ್ಕ ಅವಳ ಹೆಸರು ಹಾಕಿದ್ರು. ಇನ್ನೊಂದು ಸಲ ಬರೋದಾದ್ರೆ ಅವಳ ಪುಸ್ತಕದ ಮೇಲೆ ಬರ್ಲಿ ಮೊದ್ಲು."

ಹಾಗಾಗಿ ಹೆಸರು ಬರೆದಿಲ್ಲ.

ಡಿಸೆಂಬರ್ ಕೊನೆಗೆ ಅವಳ ನೋಂದಣಿಯ ಅವಧಿ ಮುಗಿಯುತ್ತದೆ. ಐದು ಪ್ರತಿ ತಯಾರಿವೆ. ಅಧ್ಯಾಯಗಳಿವೆ, ನಕ್ಷೆಗಳಿವೆ, ಮೂವತ್ತೆಂಟು ಪ್ಲಾಟಿನ ಮರಗಳ ಲೆಕ್ಕ ಇದೆ, ಕಚೇರಿಯ ಮೊಹರು ಇದೆ. ಗೈಡ್ ಸಹಿ ಇಲ್ಲ.